ಭಾನುವಾರದ ಶಿಫ್ಟು, ಆಯುಧಪೂಜೆಯ ಪುರಿ, ಸ್ಟೇಟಸ್ಸಿನ ವಚನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಪ್ಪತ್ತರ ಆಸುಪಾಸಿನ ಕ್ರೈಸ್ತ ಓದುಗರವು. ಕಥೋಲಿಕರೂ ಇದ್ದಾರೆ, ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಕಡೆಯವರೂ ಇದ್ದಾರೆ. ಎರಡು ಕಡೆ ನಿಯಮ ಬೇರೆಯಾದಲ್ಲಿ ಬೇರೆಯಾಗಿಯೇ ಹೇಳಿದ್ದೇವೆ.

ಪ್ರಶ್ನೆ: ಕಾಲ್ ಸೆಂಟರ್ ಕೆಲಸ. ಶನಿವಾರ ರಾತ್ರಿ 9ಕ್ಕೆ ಲಾಗಿನ್, ಭಾನುವಾರ ಬೆಳಿಗ್ಗೆ 6ಕ್ಕೆ ಲಾಗೌಟ್. ರೂಮಿಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ. ಮೊಬೈಲಿನಲ್ಲಿ ಚರ್ಚಿನ ಭಾನುವಾರದ ಪೂಜೆ ನೋಡಿದರೆ ಸಾಕು ಅಂತ ನಾನು, ಸಾಲದು ಅಂತ ಅಮ್ಮ. ಯಾರು ಸರಿ?
– ಕಥೋಲಿಕ ಓದುಗ, ಬೆಂಗಳೂರು

ಉತ್ತರ: ಅಮ್ಮನೇ ಸರಿ. ಆದರೆ ನಿಮ್ಮ ಶಿಫ್ಟಿಗೂ ದಾರಿ ಇದೆ. ಕಥೋಲಿಕ ಧರ್ಮಸಭೆಯ ಕಾನೂನಿನ 1248ನೇ ವಿಧಿಯ ಪ್ರಕಾರ ಭಾನುವಾರದ ಕರ್ತವ್ಯವನ್ನು ಹಿಂದಿನ ದಿನ ಸಂಜೆಯ ಪೂಜೆಯಲ್ಲೂ ಪೂರೈಸಬಹುದು. ಅಂದರೆ ಶನಿವಾರ ಸಂಜೆಯ ಪೂಜೆ ಮುಗಿಸಿಕೊಂಡು ನೇರ ಆಫೀಸಿಗೆ ಹೋದರೆ ಆಯಿತು. ಅದು ತಪ್ಪಿದರೆ ಭಾನುವಾರ ಸಂಜೆಯದು ಇದ್ದೇ ಇದೆ. ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಪೂಜೆಗಳಿಗೆ ಬೇರೆ ಬೇರೆ ವೇಳೆ. ಬೋರ್ಡಿನ ಫೋಟೊ ತೆಗೆದಿಟ್ಟುಕೊಂಡು, ರೋಸ್ಟರ್ ಬಂದ ದಿನವೇ ಆ ತಿಂಗಳ ನಾಲ್ಕು ವಾರ ಯಾವ ಪೂಜೆಗೆ ಹೋಗುವುದೆಂದು ಗುರುತು ಹಾಕಿ. ಭಾನುವಾರ ಎದ್ದ ಮೇಲೆ ನೋಡೋಣ ಅಂದುಕೊಂಡರೆ ನಿದ್ದೆಯೇ ಗೆಲ್ಲುತ್ತದೆ.

ಪರದೆಯ ಮೇಲಿನ ಪೂಜೆ ಇರುವುದು ಹಾಸಿಗೆ ಹಿಡಿದವರಿಗೆ, ಅವರನ್ನು ಬಿಟ್ಟು ಬರಲಾಗದವರಿಗೆ. ಅವರಿಗೆ ಆ ಕರ್ತವ್ಯವೇ ಇಲ್ಲ, ನೋಡುವುದು ಸಮಾಧಾನಕ್ಕೆ. ಇನ್ನೊಂದು ಮಾತು: ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸುವುದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದು, ಕುಡಿಯಬಾರದು. ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ. ನಿದ್ದೆ ತಡೆಯಲು ಕಾಫಿ ಬೇಕೇ ಬೇಕು ಅನ್ನುವವರು ಅದನ್ನು ಬೇಗ ಮುಗಿಸಿಕೊಳ್ಳಿ.

ಪ್ರಶ್ನೆ: ಪ್ರತಿ ಜನವರಿ 1ಕ್ಕೆ ಬೈಬಲನ್ನು ಮೊದಲ ಪುಸ್ತಕ ಆದಿಕಾಂಡದಿಂದ ಓದಲು ಶುರು ಮಾಡುತ್ತೇನೆ, ಫೆಬ್ರವರಿಯಲ್ಲಿ ನಿಲ್ಲುತ್ತದೆ. ಈಗ ಇನ್‌ಸ್ಟಾಗ್ರಾಮಿನಲ್ಲಿ ಬರುವ ದಿನದ ವಚನವನ್ನು ಸ್ಟೇಟಸ್ಸಿಗೆ ಹಾಕುವುದಷ್ಟೇ ಉಳಿದಿದೆ. ಅಷ್ಟಾದರೂ ಒಳ್ಳೆಯದಲ್ಲವೇ?
– ಬಿ.ಕಾಂ. ವಿದ್ಯಾರ್ಥಿನಿ, ಉಡುಪಿ

ಉತ್ತರ: ನೀವು ನಿಂತ ಜಾಗ ನಮಗೆ ಗೊತ್ತು. ವಿಮೋಚನಕಾಂಡದ 25ನೇ ಅಧ್ಯಾಯ ದಾಟಿದಿರಿ, ದೇವರ ಆರಾಧನೆಯ ಗುಡಾರದ ಅಳತೆ ಶುರುವಾಯಿತು. ಹತ್ತು ಪರದೆ, ಒಂದೊಂದು 28 ಮೊಳ ಉದ್ದ, 4 ಮೊಳ ಅಗಲ, ಅಂಚಿಗೆ ಐವತ್ತು ಕುಣಿಕೆ, ಐವತ್ತು ಬಂಗಾರದ ಕೊಂಡಿ. ಅದನ್ನು ಹೇಗೋ ದಾಟಿದರೆ ಎದುರಿಗೆ ಯಾಜಕಕಾಂಡದ ಬಲಿಯ ವಿಧಿಗಳು. ಅಲ್ಲಿ ನಿಂತವರು ನೀವೊಬ್ಬರೇ ಅಲ್ಲ. ಇದು ಭಕ್ತಿಯ ಕೊರತೆಯಲ್ಲ, ಓದುವ ಕ್ರಮದ ತೊಂದರೆ. ಬೈಬಲ್ ಒಂದು ಪುಸ್ತಕವಲ್ಲ, ಕಪಾಟು. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕ, ಕಥೋಲಿಕರದರಲ್ಲಿ 73. ಕಪಾಟನ್ನು ಎಡತುದಿಯಿಂದಲೇ ಓದಬೇಕೆಂದು ಯಾರೂ ಹೇಳಿಲ್ಲ.

ಮಾರ್ಕನಿಂದ ತೊಡಗಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದರಂತೆ ಎರಡು ವಾರ ಚಿಲ್ಲರೆ. ಆಮೇಲೆ ಹೊಸ ಒಡಂಬಡಿಕೆ ಪೂರ್ತಿ: ಅದರಲ್ಲಿರುವುದು 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದು ಎಂದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ಎರಡು ದಿನ ರಜೆಯೂ ಸಿಗುತ್ತದೆ. ಕೀರ್ತನೆಗಳನ್ನು ರಾತ್ರಿಗೆ ಇಟ್ಟುಕೊಳ್ಳಿ, ಒಂದು ಸಾಕು. ಗಟ್ಟಿಯಾಗಿ ಓದಿ, ಕಣ್ಣಲ್ಲಿ ಓದಿದರೆ ಬೆರಳು ಸ್ಕ್ರೋಲ್ ಮಾಡಿದ ಹಾಗೇ ಓಡುತ್ತದೆ. ಓದು ಮುರಿದು ಬೀಳುವುದು ಹೆಚ್ಚಾಗಿ ಬಾಕಿ ತೀರಿಸಲು ಹೋದಾಗ. ಐದು ದಿನ ತಪ್ಪಿತು ಅಂತ ಶನಿವಾರ ಆರು ಅಧ್ಯಾಯ ಎಳೆದುಕೊಂಡು ಕೂತರೆ ಭಾನುವಾರ ಪುಸ್ತಕ ಮುಟ್ಟಲು ಮನಸ್ಸಾಗುವುದಿಲ್ಲ. ತಪ್ಪಿದ್ದು ತಪ್ಪಿತು, ಇವತ್ತಿನದನ್ನು ಓದಿ.

ಇನ್ನು ಸ್ಟೇಟಸ್. ಪರೀಕ್ಷೆಯ ಫಲಿತಾಂಶ ಬರುವ ದಿನ ಎಲ್ಲರ ಮೊಬೈಲಿನಲ್ಲಿ ಯೆರೆಮೀಯ 29:11 – ನಿಮ್ಮ ಬಗ್ಗೆ ನನಗಿರುವ ಆಲೋಚನೆ ಹಿತದ್ದೇ, ಕೇಡಿನದಲ್ಲ ಎಂಬ ಅರ್ಥದ ಮಾತು. ಅದರ ಹಿಂದಿನ ವಚನವನ್ನು ಯಾರೂ ಹಾಕುವುದಿಲ್ಲ, ಏಕೆಂದರೆ ಅಲ್ಲಿ ಎಪ್ಪತ್ತು ವರ್ಷ ಕಾಯಿರಿ ಅಂತಿದೆ! ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ ಬರೆದ ಪತ್ರ. ಆ ಊರಲ್ಲೇ ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆಯಿಟ್ಟ ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿ ಎಂದು 5ರಿಂದ 7ನೇ ವಚನಗಳು ಹೇಳುತ್ತವೆ. ಊರು ಬಿಟ್ಟು ಬೆಂಗಳೂರಿನ ಪಿಜಿಯಲ್ಲಿರುವವರಿಗೆ ನಿಜವಾಗಿ ತಾಗಬೇಕಾದ್ದು ಆ ವಚನಗಳು. ಜಿಮ್ಮಿನ ಗೋಡೆಗೆ ಹತ್ತುವ ಫಿಲಿಪ್ಪಿ 4:13 (ನನ್ನನ್ನು ಬಲಪಡಿಸುವವನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎಂಬ ಮಾತು) ಕೂಡ ಹಾಗೆಯೇ. ಅಪೊಸ್ತಲ ಪೌಲ ಸೆರೆಯಲ್ಲಿ ಕೂತು, ಹೊಟ್ಟೆ ತುಂಬಿದ್ದರೂ ಹಸಿದಿದ್ದರೂ ಇರಬಲ್ಲೆ ಎಂದು 12ನೇ ವಚನದಲ್ಲಿ ಹೇಳಿದ್ದರ ಮುಂದುವರಿಕೆ ಅದು. ಭಾರ ಎತ್ತುವ ಮಾತಲ್ಲ, ಇದ್ದಷ್ಟರಲ್ಲಿ ಸುಧಾರಿಸುವ ಮಾತು. ಹಂಚುವ ಮೊದಲು ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದಿ. ಯಾರು, ಯಾರಿಗೆ, ಯಾವ ಕಷ್ಟದಲ್ಲಿ ಹೇಳಿದರು ಎಂಬುದು ಗೊತ್ತಾಗದಿದ್ದರೆ ಹಾಕಬೇಡಿ.

ಪ್ರಶ್ನೆ: ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಕೆಲಸ. ಆಯುಧಪೂಜೆ ದಿನ ಮೆಷಿನ್ನಿಗೆ ಕುಂಕುಮ, ಹೂ, ಬೂದುಗುಂಬಳ ಒಡೆಯುವುದು, ಆಮೇಲೆ ಪುರಿ, ಸಿಹಿ. ರಜೆ ಹಾಕಿದರೆ ಯಜಮಾನರಿಗೆ ಬೇಜಾರು, ನಿಂತರೆ ನಮ್ಮ ಸಭೆಯ ಹಿರಿಯರಿಗೆ ಬೇಜಾರು.
– ಸಿ.ಎಸ್.ಐ. ಸಭೆಯ ಓದುಗ, ತುಮಕೂರು

ಉತ್ತರ: ಇದು ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಗೆ ಎರಡು ಸಾವಿರ ವರ್ಷದ ಹಿಂದೆಯೇ ಬಂದ ಪ್ರಶ್ನೆ. ಅಲ್ಲಿ ಗುಡಿಯಲ್ಲಿ ಅರ್ಪಿಸಿದ ಮಾಂಸ ಪೇಟೆಗೂ ಬರುತ್ತಿತ್ತು. ಪೌಲ 1 ಕೊರಿಂಥ 8ರಿಂದ 10ರವರೆಗೆ ಒಂದೇ ಉತ್ತರ ಕೊಡುವುದಿಲ್ಲ, ಸಂದರ್ಭ ನೋಡಿ ಕೊಡುತ್ತಾನೆ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ (10:25). ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ (10:27). ಇದು ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ಹಾಗೆ ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಿ (10:28). ಆರಾಧನೆಯಲ್ಲೇ ಪಾಲು ತೆಗೆದುಕೊಳ್ಳುವುದು ಮಾತ್ರ ಬೇಡವೇ ಬೇಡ (10:21).

ನಿಮ್ಮ ವರ್ಕ್‌ಶಾಪಿಗೆ ತಂದು ನೋಡಿ. ಬೇಕರಿಯಿಂದ ಬಂದು ಎಲ್ಲರಿಗೂ ಹಂಚುವ ಸಿಹಿಯ ಡಬ್ಬಿ ಬರೀ ಡಬ್ಬಿ, ತಗೊಳ್ಳಿ. ಮೆಷಿನ್ ಒರೆಸುವುದು, ಎಣ್ಣೆ ಹಾಕುವುದು, ಹೂವು ಕಟ್ಟಿಕೊಡುವುದು, ಮಾವಿನ ಸೊಪ್ಪು ತರುವುದು ಕೆಲಸ ಮತ್ತು ಸ್ನೇಹ. ಆರತಿ ಎತ್ತುವುದು, ಸಂಕಲ್ಪ ಮಾಡುವುದು ಪೂಜೆ, ಅಲ್ಲಿ ನಿಲ್ಲಿಸಿ. ಮಂಗಳಾರತಿಯ ಹೊತ್ತಿಗೆ ಸುಮ್ಮನೆ ಹಿಂದೆ ನಿಲ್ಲಬಹುದೇ ಎಂಬುದಕ್ಕೆ 2 ಅರಸುಗಳು 5ನೇ ಅಧ್ಯಾಯ ಓದಿ. ಅರಾಮ್ ದೇಶದ ಸೇನಾಪತಿ ನಾಮಾನ ಇದನ್ನೇ ಪ್ರವಾದಿ ಎಲೀಷನ ಹತ್ತಿರ ಕೇಳುತ್ತಾನೆ: ಅರಸ ನನ್ನ ಕೈ ಊರಿಕೊಂಡು ರಿಮ್ಮೋನನೆಂಬ ದೇವರ ಗುಡಿಯಲ್ಲಿ ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ಏನು ಮಾಡಲಿ? ಎಲೀಷ ಗದರಿಸುವುದಿಲ್ಲ, ಸಮಾಧಾನದಿಂದ ಹೋಗು ಅನ್ನುತ್ತಾನೆ. ಪ್ರಸಾದ ಅಂತಲೇ ಹೇಳಿ ಕೈಗೆ ಕೊಟ್ಟದ್ದರ ವಿಷಯದಲ್ಲಿ ಸಭೆಗಳ ನಡುವೆ ಒಮ್ಮತವಿಲ್ಲ. ನಮ್ಮ ಮಟ್ಟಿಗೆ 10:28 ಸ್ಪಷ್ಟವಾಗಿದೆ, ಕೈ ಮುಗಿದು ಬೇಡ ಅನ್ನಿ.

ಹೇಳುವ ಹೊತ್ತು ಮುಖ್ಯ. ತಟ್ಟೆ ಎದುರಿಗೆ ಬಂದಾಗ ಬೇಡ ಅಂದರೆ ಅವಮಾನದ ಹಾಗೆ ಕಾಣುತ್ತದೆ. ವಾರ ಮೊದಲೇ ಯಜಮಾನರ ಹತ್ತಿರ ಹೋಗಿ, “ಸಾರ್, ಕ್ಲೀನಿಂಗು, ಅಲಂಕಾರ ಎಲ್ಲಾ ನಾನೇ ಮುಂದೆ ನಿಂತು ಮಾಡ್ತೀನಿ, ಪೂಜೆಗೆ ಮಾತ್ರ ಹಿಂದೆ ಇರ್ತೀನಿ, ತಪ್ಪು ತಿಳ್ಕೋಬೇಡಿ” ಅನ್ನಿ. ತೀರಾ ಕೆಟ್ಟದ್ದು ಯಾವುದೆಂದರೆ ನಗುತ್ತಾ ತಗೊಂಡು ಆಮೇಲೆ ಡಸ್ಟ್‌ಬಿನ್ನಿಗೆ ಹಾಕುವುದು. ಅದನ್ನು ಯಾರಾದರೂ ಒಬ್ಬರು ನೋಡೇ ನೋಡುತ್ತಾರೆ.

ನಿಮ್ಮ ಹಿರಿಯರಿಗೊಂದು ಮಾತು. ಬೈಬಲಿನ ಮಾತು, ಸಭೆಯ ನಿಯಮ, ನಮ್ಮ ಊರಿನ ರೂಢಿ – ಇವು ಮೂರು ಬೇರೆ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಹುಟ್ಟುಹಬ್ಬಕ್ಕೆ) ಒಂಬತ್ತು ದಿನ ಮಕ್ಕಳಿಂದ ಮರಿಯಮ್ಮನಿಗೆ ಹೂವು ಹಾಕಿಸಿ, ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ತಂದು, ಮೀನು ಮಾಂಸವಿಲ್ಲದ ಹೊಸ ಅಕ್ಕಿ ಊಟ ಮಾಡುತ್ತಾರೆ. ಪಕ್ಕದ ಹಿಂದೂ ಮನೆಯ ಹೊಸ್ತಿಗೂ (ಹೊಸ ಅಕ್ಕಿಯ ಹಬ್ಬಕ್ಕೂ) ಇದಕ್ಕೂ ನೆಲ ಒಂದೇ, ಬೆಳೆ ಒಂದೇ. ಹೂವು, ತೆನೆ, ಬಾಳೆ ಎಲೆ ಯಾವ ಧರ್ಮದ ಸ್ವತ್ತೂ ಅಲ್ಲ.

ಪ್ರಶ್ನೆ: ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಮಹಾಸ್ಫೋಟ ಒಪ್ಪಿದರೆ ಆದಿಕಾಂಡ ಬಿಡಬೇಕು ಎನ್ನುತ್ತಾರೆ ಗೆಳೆಯರು.
– ಓದುಗ, ಧಾರವಾಡ

ಉತ್ತರ: ಆ ಸಿದ್ಧಾಂತಕ್ಕೆ ಮೊದಲ ರೂಪ ಕೊಟ್ಟವರೇ ಒಬ್ಬ ಪಾದ್ರಿ ಎಂದು ಗೆಳೆಯರಿಗೆ ಹೇಳಿ. ಬೆಲ್ಜಿಯಮ್ಮಿನ ಜಾರ್ಜ್ ಲೆಮೆತ್ರ್ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಬರೆದರು, 1931ರಲ್ಲಿ ಎಲ್ಲವೂ ಒಂದು ಆದಿ ಅಣುವಿನಿಂದ ಹೊರಟಿತೆಂದರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಇದನ್ನು ಸೃಷ್ಟಿಗೆ ಪುರಾವೆ ಎಂಬಂತೆ ಮಾತಾಡಿದಾಗ ಲೆಮೆತ್ರ್‌ಗೆ ಹಿಡಿಸಲಿಲ್ಲ. ವಿಜ್ಞಾನವನ್ನು ವಿಶ್ವಾಸಕ್ಕೆ ಊರುಗೋಲು ಮಾಡುವುದು ಅವರಿಗೆ ಬೇಡವಾಗಿತ್ತು. ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದದ್ದಕ್ಕೆ ಗೆಲಿಲಿಯೋಗೆ 1633ರಲ್ಲಿ ಆದ ಅನ್ಯಾಯವನ್ನೂ ಮುಚ್ಚಿಡಬೇಡಿ. ಧರ್ಮಸಭೆ ಆ ತಪ್ಪನ್ನು ಬಹಿರಂಗವಾಗಿ ಒಪ್ಪಿದ್ದು 1992ರಲ್ಲಿ.

ಆದಿಕಾಂಡದ ಮೊದಲ ಅಧ್ಯಾಯವನ್ನು ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ ಬರೆದು ನೋಡಿ. ಎಡಕ್ಕೆ 1, 2, 3ನೇ ದಿನ: ಬೆಳಕು, ಆಕಾಶ ಮತ್ತು ನೀರು, ನೆಲ ಮತ್ತು ಗಿಡ. ಬಲಕ್ಕೆ 4, 5, 6: ಸೂರ್ಯ ಚಂದ್ರ, ಹಕ್ಕಿ ಮೀನು, ಪ್ರಾಣಿ ಮನುಷ್ಯ. ಮೊದಲು ಮನೆ, ಆಮೇಲೆ ಒಕ್ಕಲು. ಸೂರ್ಯ ಬರುವುದು ನಾಲ್ಕನೇ ದಿನ, ಹಾಗಾದರೆ ಮೊದಲ ಮೂರು ದಿನ ಎಂಥ ದಿನ ಎಂಬ ಪ್ರಶ್ನೆ ಪ್ರಾಚೀನ ಕ್ರೈಸ್ತ ಚಿಂತಕ ಸಂತ ಆಗಸ್ತೀನನನ್ನೂ ಕಾಡಿತ್ತು. ಎರಡನೇ ಅಧ್ಯಾಯದಲ್ಲಿ ಕ್ರಮವೇ ಬೇರೆ, ಮನುಷ್ಯ ಮೊದಲು. ಬರೆದವರಿಗೆ ಲ್ಯಾಬ್ ರೆಕಾರ್ಡ್ ಒಪ್ಪಿಸುವ ಉದ್ದೇಶವಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆರು ದಿನವನ್ನು ಅಕ್ಷರಶಃ ತೆಗೆದುಕೊಳ್ಳುವ ಸಭೆಗಳೂ ಇವೆ. ನಿಮ್ಮದು ಅಂಥದ್ದಾದರೆ ಜಗಳಕ್ಕಿಂತ ಆ ಹಾಳೆಯನ್ನೇ ಪಾಸ್ಟರ್ ಮುಂದಿಡಿ.

ಪ್ರಶ್ನೆ: ತಪಸ್ಸುಕಾಲಕ್ಕೆ (ಈಸ್ಟರಿಗೆ ಮುಂಚಿನ ನಲವತ್ತು ದಿನ) ಮಾಂಸದ ಬದಲು ಇನ್‌ಸ್ಟಾಗ್ರಾಮ್ ಬಿಡಬಹುದೇ?
– ಕಥೋಲಿಕ ಯುವತಿ, ಮೈಸೂರು

ಉತ್ತರ: ಬದಲು ಅಲ್ಲ, ಜೊತೆಗೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಶುಭ ಶುಕ್ರವಾರ ಎರಡು ದಿನ 18ರಿಂದ 59ರ ವಯಸ್ಸಿನವರಿಗೆ ಉಪವಾಸ ಕಡ್ಡಾಯ: ಒಂದು ಪೂರ್ತಿ ಊಟ, ಎರಡು ಸಣ್ಣ ಫಲಾಹಾರ. ಆ ಎರಡೂ ಸೇರಿ ಇನ್ನೊಂದು ಊಟದಷ್ಟಾಗಬಾರದು. ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ ವಿನಾಯಿತಿ. ಉಳಿದ ದಿನಗಳಿಗೆ ನಿಮ್ಮ ಯೋಜನೆ ಚೆನ್ನಾಗಿದೆ. ನೋಟಿಫಿಕೇಶನ್ ಆಫ್ ಮಾಡಿದರೆ ಸಾಲದು, ಆ್ಯಪ್ ತೆಗೆದುಹಾಕಿ. ಸಾಮಾನ್ಯವಾಗಿ ಆಗುವ ಎಡವಟ್ಟು, ಮೂರನೇ ದಿನಕ್ಕೆ ಯೂಟ್ಯೂಬ್ ಶಾರ್ಟ್ಸಿಗೆ ಜಾರುವುದು. ಖಾಲಿಯಾದ ಹೊತ್ತಿಗೆ ಬೇರೆ ಕೆಲಸ ಇಟ್ಟಿರಬೇಕು: ಜಪಮಾಲೆಯ ಐದು ದಶಕಕ್ಕೆ (ಹತ್ತು ಹತ್ತು ಮಣಿಯ ಐದು ಸುತ್ತಿಗೆ) ಇಪ್ಪತ್ತು ನಿಮಿಷ ಬೇಕು, ರಾತ್ರಿಯ ಸ್ಕ್ರೋಲಿಂಗಿನ ಜಾಗಕ್ಕೆ ಸರಿಹೊಂದುತ್ತದೆ. ಮೊಬೈಲ್ ಚಾರ್ಜಿಗೆ ನಡುಮನೆಯಲ್ಲಿರಲಿ. ಮತ್ತೆ, “ನಲವತ್ತು ದಿನ ಆಫ್‌ಲೈನ್” ಅಂತ ಸ್ಟೇಟಸ್ ಹಾಕಿ ಹೋಗಬೇಡಿ. ಉಪವಾಸವಿದ್ದಾಗ ಮುಖ ತೊಳೆದುಕೊಂಡು ಯಾರಿಗೂ ಗೊತ್ತಾಗದಂತೆ ಇರಬೇಕು ಎನ್ನುತ್ತದೆ ಮತ್ತಾಯ 6.

ಪ್ರಶ್ನೆ: ಕೈಗೆ ಶಿಲುಬೆಯ ಟ್ಯಾಟೂ ಹಾಕಿಸುವುದು ಪಾಪವೇ?
– ಓದುಗ, ಶಿವಮೊಗ್ಗ

ಉತ್ತರ: ಎಲ್ಲರೂ ತೋರಿಸುವುದು ಹಚ್ಚೆ ಬೇಡ ಎನ್ನುವ ಯಾಜಕಕಾಂಡ 19:28. ಅದು ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವುದನ್ನು ತಡೆಯುವ ವಚನದಲ್ಲೇ ಬರುತ್ತದೆ. ಅದೇ ಅಧ್ಯಾಯ ಎರಡು ನಮೂನೆ ನೂಲಿನ ಬಟ್ಟೆಯನ್ನೂ ಬೇಡ ಅನ್ನುತ್ತದೆ, ನಮ್ಮೆಲ್ಲರ ಶರ್ಟು ಟೆರಿಕಾಟನ್. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ತಲೆಮಾರುಗಳಿಂದ ಬಲ ಮಣಿಕಟ್ಟಿನ ಒಳಬದಿಗೆ ಶಿಲುಬೆ ಹಚ್ಚೆ ಹಾಕಿಸುತ್ತಾರೆ. ಪಾಪವಲ್ಲ. ಆದರೆ ಹೊಸ ಸೂಜಿಯನ್ನು ನಿಮ್ಮ ಎದುರಿಗೇ ಪೊಟ್ಟಣದಿಂದ ತೆಗೆಯುವ ಅಂಗಡಿಗೆ ಮಾತ್ರ ಹೋಗಿ. ಹಾಕಿಸಿದ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಚರ್ಚಿನ ಶಿಬಿರಕ್ಕೆ ಹೆಸರು ಕೊಟ್ಟಿದ್ದರೆ ಮೊದಲು ರಕ್ತ ಕೊಟ್ಟು ಬನ್ನಿ.