ವೈಟ್‌ಫೀಲ್ಡ್‌ನಲ್ಲಿ ನನ್ನ ಕಚೇರಿ, ಮೆಜೆಸ್ಟಿಕ್ ಬಳಿ ಪತ್ನಿಯದು, ಚಿಕ್ಕ ಮಕ್ಕಳಿಬ್ಬರು. ಬೆಂಗಳೂರಿನ ಯಾವ ಅಂಚಿನಲ್ಲಿ ಮನೆ ಕೊಳ್ಳಲಿ?

ಬಡಾವಣೆಯ ಹೆಸರಿಗಿಂತ ಮೊದಲು ಗಡಿಯಾರ ನೋಡಿ. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ನಿಮ್ಮಿಬ್ಬರ ಕಚೇರಿಗಳಿಗೂ ಅದೇ ದಾರಿ. ಆದರೆ ಬೆಲೆ ಕಡಿಮೆಯೆಂದು ಕೆಂಗೇರಿಯಾಚೆ ಕೊಂಡರೆ ಹೋಗಿಬರುವುದಕ್ಕೇ ನಿಮಗೆ ದಿನಕ್ಕೆ ಮೂರು ಗಂಟೆಯ ಹತ್ತಿರ ಬೇಕು. ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ನಾನಾದರೆ ಒಂದು ಕೋಣೆ ಕಡಿಮೆಯಾದರೂ ಸರಿ, ಕೆ.ಆರ್.ಪುರದ ಸುತ್ತ, ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಹುಡುಕುತ್ತೇನೆ. ಶಾಲೆಯೂ ಅಲ್ಲೇ ಸಮೀಪದಲ್ಲಿರಲಿ.

ನೀರಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ನಂಬಬೇಡಿ. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ನಿಜ. ರಸ್ತೆಯಲ್ಲಿ ಕೊಳವೆ ಬಂದಿರುವುದು ಬೇರೆ, ನಿಮ್ಮ ಕಟ್ಟಡದ ತೊಟ್ಟಿಗೆ ನೀರು ಬೀಳುವುದು ಬೇರೆ. ಜಲಮಂಡಳಿಯ ಬಿಲ್ ತೋರಿಸಲು ಕೇಳಿ. ಏಪ್ರಿಲ್‌ನ ಒಂದು ಮಧ್ಯಾಹ್ನ ಗೇಟಿನ ಬಳಿ ನಿಂತು, ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ಎಂದು ಕಾವಲುಗಾರರನ್ನು ವಿಚಾರಿಸಿ. ಜೋರು ಮಳೆಯ ಮರುದಿನವೂ ಒಮ್ಮೆ ಹೋಗಿ: ನೆಲಮಾಳಿಗೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಕಂಡರೆ ಹತ್ತಿರದಲ್ಲೇ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಇರಬಹುದು. ಅದು ಎಲ್ಲಿದೆಯೆಂದು ಕಂದಾಯ ನಕ್ಷೆಯಲ್ಲಿ ನೋಡದೆ ಮುಂಗಡ ಕೊಡಬೇಡಿ.

ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ), ಋಣಭಾರ ಪತ್ರ (ಆಸ್ತಿಯ ಮೇಲಿನ ನೋಂದಾಯಿತ ಸಾಲ, ವಹಿವಾಟುಗಳ ವಿವರ), ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಗಳನ್ನು ಸ್ವಂತ ವಕೀಲರಿಂದಲೇ ಪರಿಶೀಲಿಸಿಕೊಳ್ಳಿ, ಮಾರುವವರು ಸೂಚಿಸಿದ ವಕೀಲರಿಂದಲ್ಲ.