ಹುಲ್ಲು ಸವರುವವರ ಕಿವಿಗೆ ಹತ್ತಿ ಸಾಲದು

ನಿಮ್ಮ ಪ್ರಶ್ನೆ ಎರಡು: ಅಡಿಕೆ ತೋಟದ ಹುಲ್ಲು ಸವರುವ ಇಬ್ಬರು ಹುಡುಗರಿಗೆ ಸಂಜೆ ಹೊತ್ತಿಗೆ ಕಿವಿ ಗುಂಯ್ ಅನ್ನುತ್ತದೆ, ಹತ್ತಿ ಇಟ್ಟುಕೊಂಡರೆ ಸಾಕಾ? ಇಯರ್ ಮಫ್ (ಕಿವಿ ಪೂರ್ತಿ ಮುಚ್ಚುವ ಮುಚ್ಚಳ) ತಂದುಕೊಟ್ಟರೂ ಸ್ವಲ್ಪ ಹೊತ್ತಿಗೆ ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಾರೆ, ಏನು ಮಾಡೋದು?

ಹತ್ತಿ ಸಾಲದು ಅಣ್ಣ. ಅದು ತಡೆಯುವುದು ಕೆಲವೇ ಡೆಸಿಬೆಲ್ (ಸದ್ದಿನ ಜೋರು ಅಳೆಯುವ ಮಾಪು). ಮೇಲಿಂದ "ಏನೋ ಇಟ್ಟುಕೊಂಡಿದ್ದೇನಲ್ಲ" ಅನ್ನುವ ಹುಸಿ ಧೈರ್ಯ ಬೇರೆ. 2 ಸ್ಟ್ರೋಕ್ ಬ್ರಶ್ ಕಟರ್ (ಹುಲ್ಲು ಸವರುವ ಮೆಷಿನ್) ಫುಲ್ ಆಕ್ಸಿಲರೇಟರ್‌ನಲ್ಲಿದ್ದಾಗ ಓಡಿಸುವವನ ಕಿವಿಯ ಹತ್ತಿರ ಸಾಮಾನ್ಯವಾಗಿ 95ರಿಂದ 105 ಡೆಸಿಬೆಲ್ ಇರುತ್ತದೆ. ಮರ ಕೊಯ್ಯುವ ಚೈನ್ ಸಾ ಇನ್ನೂ ಜೋರು. ಕೆಲಸಗಾರರ ಸುರಕ್ಷತೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ, ಬರಿಗಿವಿಯಲ್ಲಿ ಇರಬಹುದಾದ ಹೊತ್ತು 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತಾ ಹೋಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ನಮ್ಮ ಕಾರ್ಖಾನೆ ನಿಯಮಗಳು 90 ಡೆಸಿಬೆಲ್‌ಗೆ 8 ಗಂಟೆ ಅನ್ನುತ್ತವೆ. ತೋಟಕ್ಕೆ ಬಂದು ಅಳೆಯುವವರು ಯಾರೂ ಇಲ್ಲದ ಮೇಲೆ ಬಿಗಿಯಾದ ಲೆಕ್ಕವನ್ನೇ ಹಿಡಿಯುವುದು ಒಳ್ಳೆಯದು.

ಸಂಜೆ ಗುಂಯ್ ಅಂದದ್ದು ಬೆಳಿಗ್ಗೆ ಸರಿಹೋಯಿತು ಅಂತ ಬಿಡಬೇಡಿ. ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಸುಸ್ತಾಗಿ ಚೇತರಿಸಿಕೊಂಡ ಗುರುತು ಅದು. ದಿನಾ ಹೀಗೇ ಆದರೆ ಸತ್ತುಹೋಗುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ, ಅಂದರೆ ಕೀಚಲು ಸದ್ದಿನ ಶ್ರವಣ. ಹಾಗಾಗಿ ಮಾತು ಕೇಳಿಸುತ್ತದೆ, ಆದರೆ "ಸ", "ಶ", "ತ" ಸ್ಪಷ್ಟವಾಗದೆ ಏನು ಹೇಳಿದರು ಅಂತ ತಿಳಿಯುವುದಿಲ್ಲ.

ಮಫ್ ವಿಚಾರಕ್ಕೆ ಮೊದಲು ಮೆಷಿನ್ ನೋಡಿ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಸಿಲಿಂಡರಿಗೆ ಕೂರುವ ಜಾಗ ಪರೀಕ್ಷಿಸಿ. ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಗ್ಯಾಸ್ಕೆಟ್ ಲೀಕ್ ಆಗಿದೆ ಅಥವಾ ಅದುರಿ ಅದುರಿ ಬೋಲ್ಟ್ ಸಡಿಲವಾಗಿದೆ. ಪಿಕಪ್ ಬರುತ್ತದೆಂದು ಸೈಲೆನ್ಸರಿಗೆ ತೂತು ಹೊಡೆಸಿದ್ದರೆ ಹೊಸದು ಹಾಕಿಸಿ, ಈ ಚಾಳಿ ನಮ್ಮ ಕಡೆ ಬಹಳ. ಪೆಟ್ರೋಲಿಗೆ ಆಯಿಲ್ ಅಂದಾಜಿಗೆ ಸುರಿದರೆ ಹೊಗೆ ಹೋಗುವ ಬಾಯಿಯ ಜಾಲರಿಗೆ ಕಾರ್ಬನ್ ಕಟ್ಟುತ್ತದೆ; ಪವರ್ ಬೀಳುತ್ತದೆ, ಹುಡುಗ ಆಕ್ಸಿಲರೇಟರ್ ಒತ್ತಿಯೇ ಹಿಡಿಯುತ್ತಾನೆ. ಮ್ಯಾನುವಲ್‌ನಲ್ಲಿ ಹೇಳಿದಷ್ಟೇ ಆಯಿಲ್ ಅಳೆದು ಹಾಕಿ. ಗಾರ್ಡ್ ಬಿಚ್ಚಿ ನೈಲಾನ್ ದಾರ ಉದ್ದ ಬಿಟ್ಟರೂ ಎಂಜಿನ್ ಎಳೆಯಲಾರದೆ ಒದ್ದಾಡುತ್ತದೆ, ಮೇಲೆ ದಾರದ ಸದ್ದೂ ಸೇರುತ್ತದೆ.

ಇನ್ನು ಫೋಮ್ ಇಯರ್ ಪ್ಲಗ್. ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ (ಎಷ್ಟು ಸದ್ದು ತಗ್ಗಿಸುತ್ತದೆ ಅನ್ನುವ ಅಂಕೆ) 29 ಅಂತ ಇದ್ದರೆ 29 ಡೆಸಿಬೆಲ್ ಇಳಿಯಿತು ಅಂದುಕೊಳ್ಳಬೇಡಿ, ಅದು ಲ್ಯಾಬಿನ ಲೆಕ್ಕ. ಅದರಲ್ಲಿ 7 ಕಳೆದು ಅರ್ಧ ಮಾಡಿ, 11 ಬಂತು. 100ರ ಸದ್ದು 89 ಆಗುತ್ತದೆ, ಅಂದರೆ ಸುಮಾರು 3 ಗಂಟೆಯ ಕೆಲಸ. ಅದಕ್ಕೇ ಇಬ್ಬರಿಗೂ ಸರದಿ ಮಾಡಿ: ಒಂದು ಟ್ಯಾಂಕ್ ಇವನು, ಮುಂದಿನ ಟ್ಯಾಂಕ್ ಅವನು. ಬಿಡುವಿನಲ್ಲಿರುವವನು ಮೆಷಿನ್‌ನಿಂದ ದೂರದ ಕೆಲಸ ಮಾಡಲಿ. 15 ಮೀಟರ್ ಆಚೆ ಇದ್ದರೆ ಕಲ್ಲು ಸಿಡಿಯುವ ಭಯವೂ ಕಡಿಮೆ.

ಪ್ಲಗ್ ಹಾಕುವ ಕ್ರಮ ಒಮ್ಮೆ ಕೈಹಿಡಿದು ತೋರಿಸಬೇಕು. ಕೈ ತೊಳೆದು ಒಣಗಿಸಿ, ಪ್ಲಗ್ಗನ್ನು ಬೆರಳಲ್ಲಿ ಸುಕ್ಕು ಬೀಳದಂತೆ ತೆಳ್ಳಗೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ಆಗ ಕಿವಿಯ ನಾಳ ನೆಟ್ಟಗಾಗುತ್ತದೆ. ತಕ್ಷಣ ಒಳಗೆ ತಳ್ಳಿ, ಅದು ಉಬ್ಬುವವರೆಗೆ 30-40 ಸೆಕೆಂಡ್ ಬೆರಳು ತೆಗೆಯಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. 5 ಸೆಕೆಂಡಿಗೆ ಬಿಟ್ಟರೆ ಪ್ಲಗ್ ಹೊರಗೆ ಜಾರಿ ಕಿವಿಯ ಬಾಯಲ್ಲಿ ನಿಲ್ಲುತ್ತದೆ. ಮೆಷಿನ್ ಓಡುವಾಗ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಲಿ (ಬೇರೆಯವನು ಓಡಿಸುತ್ತಿರುವಾಗ!). ಸದ್ದು ಮತ್ತೂ ತುಂಬಾ ಇಳಿದರೆ ಪ್ಲಗ್ ಸರಿ ಕೂತಿಲ್ಲ. ಕೊಳೆಯಾದ ಫೋಮ್ ಪ್ಲಗ್ ಬಿಸಾಡಿ. ಸಾಬೂನಿನಲ್ಲಿ ತೊಳೆದು ಮತ್ತೆ ಬಳಸುವುದಿದ್ದರೆ ಮೂರು ಸುತ್ತಿನ ಸಿಲಿಕೋನ್ ಪ್ಲಗ್ ಕೊಳ್ಳಿ. ಕಿವಿ ಸೋರುವವರಿಗೆ ಪ್ಲಗ್ ಬೇಡ, ಮಫ್ಫೇ ಇರಲಿ.

ಮಫ್ ಯಾಕೆ ತೆಗೆಯುತ್ತಾರೆ? ಬೈದು ಪ್ರಯೋಜನವಿಲ್ಲ, ಕಾರಣ ಹುಡುಕಬೇಕು. ಬೆವರು ಮೊದಲನೆಯದು. ಮಳೆ ಬಿಟ್ಟ ಬಿಸಿಲಿನಲ್ಲಿ ಮಫ್ಫಿನೊಳಗೆ ಕಿವಿ ಬೆಂದುಹೋಗುತ್ತದೆ, ಅಂಥ ದಿನ ಪ್ಲಗ್ಗೇ ವಾಸಿ. ಎರಡನೆಯದು, ತಲೆಗೆ ಸುತ್ತಿದ ಬೈರಾಸು ಅಥವಾ ಕನ್ನಡಕದ ಕಡ್ಡಿ. ಮಫ್ ಅದರ ಮೇಲೆ ಕೂತರೆ ಒತ್ತುತ್ತದೆ, ಸಂದಿಯಲ್ಲಿ ಸದ್ದೂ ನುಗ್ಗುತ್ತದೆ. ಬಟ್ಟೆ ಮಫ್ಫಿನ ಕೆಳಗೆ ಸಿಕ್ಕಿಕೊಳ್ಳಬಾರದು. ಜಾಲರಿ ಮುಖವಾಡ, ಮಫ್ ಎರಡೂ ಕೂಡಿಬರುವ ಹೆಲ್ಮೆಟ್ ಸಿಗುತ್ತದೆ, ಅದೇ ಸಲೀಸು. ಮೂರನೆಯದು, ಯಾರಾದರೂ ಕರೆದರೆ ಕೇಳಿಸದು ಅನ್ನುವ ಭಯ. ಕೈಸನ್ನೆ ನಿಗದಿ ಮಾಡಿ, ಯಾವಾಗಲೂ ಎದುರಿನಿಂದಲೇ ಬನ್ನಿ. ಹಿಂದಿನಿಂದ ಹೋಗಿ ಹೆಗಲು ಮುಟ್ಟಿದರೆ ಅವನು ಬ್ಲೇಡ್ ಸಮೇತ ತಿರುಗುತ್ತಾನೆ. ಮಫ್ಫಿನ ಕೆಳಗೆ ಇಯರ್‌ಫೋನ್ ಸಿಕ್ಕಿಸಿ ಹಾಡು ಹಾಕುವುದನ್ನು ಖಂಡಿತ ಬಿಡಿಸಿ. ಮೆಷಿನ್ ಸದ್ದು ಮುಳುಗಿಸುವಷ್ಟು ಜೋರು ಇಟ್ಟರೆ ಮಫ್ ಇದ್ದೂ ಇಲ್ಲದಂತೆ.

"ಸ್ವಲ್ಪ ಹೊತ್ತು ತೆಗೆದರೆ ಏನಾಗುತ್ತೆ" ಅನ್ನುವವರಿಗೆ ಈ ಲೆಕ್ಕ ಹೇಳಿ: 30 ಡೆಸಿಬೆಲ್ ತಡೆಯುವ ಮಫ್ಫನ್ನು ಸದ್ದಿನ ನಡುವೆ ಗಂಟೆಗೆ 5 ನಿಮಿಷ ತೆಗೆದರೆ ಸಿಗುವ ರಕ್ಷಣೆ 11 ಡೆಸಿಬೆಲ್‌ಗೆ ಇಳಿಯುತ್ತದೆ. ತೆಗೆಯುವುದಾದರೆ ಮೊದಲು ಎಂಜಿನ್ ಆಫ್.

ಚೈನ್ ಸಾಗೆ ಪ್ಲಗ್ ಹಾಕಿ ಅದರ ಮೇಲೆ ಮಫ್. ಎರಡರ ಅಂಕೆ ಕೂಡಬೇಡಿ, ಹೆಚ್ಚು ತಡೆಯುವುದರ ಲೆಕ್ಕದ ಮೇಲೆ 5 ಡೆಸಿಬೆಲ್ ಅಷ್ಟೇ ಸಿಗುವುದು. ಮಫ್ಫಿನ ಮೆತ್ತೆಯನ್ನು ಪೆಟ್ರೋಲ್‌ನಿಂದ ಒರೆಸಿದರೆ ಗಟ್ಟಿಯಾಗಿ ಬಿರಿಯುತ್ತದೆ, ಒದ್ದೆ ಬಟ್ಟೆ ಸಾಕು. ಮಫ್ಫನ್ನು ಕ್ಯಾನಿನ ಮೇಲೆ ಅಗಲಿಸಿ ಸಿಕ್ಕಿಸಿಡಬೇಡಿ, ಪಟ್ಟಿಯ ಬಿಗಿ ಹೋಗುತ್ತದೆ.

ಇಬ್ಬರಿಗೂ ಈಗಲೇ ಒಂದು ಆಡಿಯೋಗ್ರಾಂ (ಕಿವಿ ಕೇಳುವ ಪರೀಕ್ಷೆ) ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕೇಳಿ, ಮೈಸೂರು ಹತ್ತಿರವಾದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಿಂದಿನ ದಿನ ಮೆಷಿನ್ ಮುಟ್ಟಬಾರದು, ಕನಿಷ್ಠ 14 ಗಂಟೆ ಕಿವಿಗೆ ವಿಶ್ರಾಂತಿ ಇರಬೇಕು. ಒಂದು ಕಿವಿ ಮಾತ್ರ ಇದ್ದಕ್ಕಿದ್ದಂತೆ ಮಂದವಾದರೆ ಕಾಯದೆ ಅವತ್ತೇ ಡಾಕ್ಟರಿಗೆ ತೋರಿಸಿ.

ಮೆಷಿನ್ ಯಾವ ಮಾಡೆಲ್? ಸೈಲೆನ್ಸರ್ ಕಡೆಯದೊಂದು ಫೋಟೋ ಹಾಕಿ, ನೋಡೋಣ.