ಶಾಲೆ ಕಟ್ಟಿಸಿದ ಮೇಲೂ ಊರು ಯಾಕೆ ನಂಬುವುದಿಲ್ಲ?

ಓದುಗರ ಪತ್ರ: "ಹದಿನಾಲ್ಕು ವರ್ಷದಿಂದ ಒಂದು ಗಣಿ ಕಂಪನಿಯ ಜನಸಂಪರ್ಕ ವಿಭಾಗದಲ್ಲಿದ್ದೇನೆ. ಗಣಿಯ ಸುತ್ತಲಿನ ಊರುಗಳಿಗೆ ಶಾಲೆ ಕಟ್ಟಿಸಿದೆವು, ಆಂಬುಲೆನ್ಸ್ ಕೊಟ್ಟೆವು, ಕುಡಿಯುವ ನೀರಿನ ಘಟಕ ಹಾಕಿಸಿದೆವು. ಆದರೂ ಗಣಿ ವಿಸ್ತರಿಸುವ ಮಾತೆತ್ತಿದ ದಿನ ಇಡೀ ಊರು ನಮಗೆ ಎದುರು ನಿಂತಿತು. ಹೊರಗಿನವರು ಬಂದು ಜನರ ತಲೆ ಕೆಡಿಸಿದ್ದಾರೆ. ನಿಮ್ಮಂಥ ಪತ್ರಿಕೆಗಳೂ ಅವರ ಪರವಾಗಿಯೇ ಬರೆಯುತ್ತವೆ. ಇಷ್ಟೆಲ್ಲ ಮಾಡಿದರೂ ನಂಬಿಕೆ ಬರುವುದಿಲ್ಲವೆಂದರೆ ಇನ್ನೇನು ಮಾಡಬೇಕು? ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ನಿಮ್ಮ ಹುದ್ದೆಯಲ್ಲಿರುವವರಿಂದ ನಮಗೆ ಬರುವುದು ಹೆಚ್ಚಾಗಿ ಪತ್ರಿಕಾ ಪ್ರಕಟಣೆ. ನೀವು ಪ್ರಶ್ನೆ ಕಳಿಸಿದ್ದೀರಿ, ಅದಕ್ಕಾಗಿ ಕೃತಜ್ಞ.

ನಿಮ್ಮ ಕಡೆಯ ನ್ಯಾಯವನ್ನು ಮೊದಲೇ ಒಪ್ಪಿಬಿಡುತ್ತೇನೆ. ಕಬ್ಬಿಣ, ತಾಮ್ರ, ಲಿಥಿಯಂ ಇಲ್ಲದೆ ನಮ್ಮ ಬದುಕು ಒಂದು ದಿನವೂ ನಡೆಯದು. ಗಣಿ ಬೇಡವೇ ಬೇಡ ಎನ್ನುವವನು ನಾನಲ್ಲ. ಇಂಥ ಜಗಳಗಳಲ್ಲಿ ತಮ್ಮ ಬೇಳೆ ಬೇಯಿಸಿಕೊಳ್ಳುವವರು ಇರುವುದೂ ನಿಜ.

ಆದರೆ ನಿಮ್ಮ ಪಟ್ಟಿಯನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಶಾಲೆ, ಆಂಬುಲೆನ್ಸ್, ನೀರಿನ ಘಟಕ. ಎಲ್ಲವೂ ನೀವು ಕೊಟ್ಟದ್ದು. ಊರಿನವರು ಕೇಳಿದ್ದೇನು ಎಂಬ ಬಗ್ಗೆ ಇಡೀ ಪತ್ರದಲ್ಲಿ ಒಂದು ಸಾಲೂ ಇಲ್ಲ. ಹದಿನಾಲ್ಕು ವರ್ಷ ಅವರ ನಡುವೆ ಓಡಾಡಿದವರು ನೀವು. ಅವರ ಒಂದು ಪ್ರಶ್ನೆಯಾದರೂ ನೆನಪಿಗೆ ಬರಬೇಕಿತ್ತು ಎಂದು ನನಗನ್ನಿಸಿತು.

ನಾನು ವರದಿಗಾರನಾಗಿದ್ದಾಗ ಕೂತ ಒಂದು ಅಹವಾಲು ಸಭೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ವೇದಿಕೆಯ ಮೇಲೆ ಅಧಿಕಾರಿಗಳು, ಕಂಪನಿಯವರು, ಮೇಜಿನ ಮೇಲೆ ಗೇಣು ದಪ್ಪದ ಪರಿಸರ ವರದಿ. ಅದು ಇದ್ದ ಭಾಷೆಯನ್ನು ಓದಬಲ್ಲವರು ಎದುರಿಗಿದ್ದ ಜನರಲ್ಲಿ ಮೂರೋ ನಾಲ್ಕೋ ಮಂದಿ. ವಯಸ್ಸಾದ ಹೆಂಗಸೊಬ್ಬರು ಎದ್ದು, "ಗಣಿ ಕೆಳಗಿಳಿದ ಹಾಗೆ ನಮ್ಮ ಬಾವಿಯ ನೀರೂ ಕೆಳಗಿಳೀತದಾ? ಎಷ್ಟು ಇಳೀತದೆ?" ಎಂದು ಕೇಳಿದರು. "ಅದೆಲ್ಲ ಅನುಬಂಧದಲ್ಲಿದೆ, ಕೂತ್ಕೊಳ್ಳಿ" ಎಂದರು ವೇದಿಕೆಯಿಂದ. ಎರಡು ವರ್ಷ ಕಳೆದು ಅದೇ ಊರಿಗೆ ಹೋದಾಗ ಬಾವಿ ಬತ್ತಿತ್ತು. ಕಂಪನಿಯ ಟ್ಯಾಂಕರ್ ದಿನಕ್ಕೊಮ್ಮೆ ಬರುತ್ತಿತ್ತು, ಜನ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಆ ಟ್ಯಾಂಕರಿನ ಚಿತ್ರವನ್ನು ಕಂಪನಿಯ ವಾರ್ಷಿಕ ವರದಿಯಲ್ಲಿ, ಸಮಾಜಸೇವೆಯ ಪುಟದಲ್ಲಿ ನೋಡಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

'ಸಾಮಾಜಿಕ ಪರವಾನಗಿ', ಅಂದರೆ ಗಣಿಗೆ ಸುತ್ತಲಿನ ಊರು ಕೊಡುವ ಒಪ್ಪಿಗೆ, ಎಂಬ ಮಾತನ್ನು ತರಬೇತಿಗಳಲ್ಲಿ ಸಾಕಷ್ಟು ಕೇಳಿರುತ್ತೀರಿ. 1997ರಲ್ಲಿ ಅದನ್ನು ಚಲಾವಣೆಗೆ ತಂದವರು ಗಣಿ ಉದ್ಯಮದ ಒಳಗಿನವರೇ, ಕೆನಡಾದ ಪ್ಲೇಸರ್ ಡೋಮ್ ಕಂಪನಿಯ ಅಧಿಕಾರಿ ಜಿಮ್ ಕೂನಿ. ಅದರ ಹಿಂದಿನ ವರ್ಷವಷ್ಟೇ ಆ ಕಂಪನಿಗೆ ಪಾಲಿದ್ದ ಫಿಲಿಪ್ಪೀನ್ಸಿನ ತಾಮ್ರದ ಗಣಿಯೊಂದರ ಕೆಸರು ನುಗ್ಗಿ ಬೋವಾಕ್ ನದಿ ಹಾಳಾಗಿತ್ತು. ಸರ್ಕಾರದ ಪರವಾನಗಿಗೆ ಮೊಹರು ಇರುತ್ತದೆ, ಅವಧಿ ಇರುತ್ತದೆ. ಊರು ಕೊಡುವ ಪರವಾನಗಿಗೆ ಎರಡೂ ಇಲ್ಲ. ಬೆಳಗಾಗುವುದರೊಳಗೆ ಊರು ಅದನ್ನು ವಾಪಸು ಪಡೆಯಬಹುದು. ಮೊಹರೊಂದನ್ನೇ ನಂಬಿ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಗಾರ್ಜ್ ಎಂಬ ಕಮರಿ ಇದೆ. ಅಲ್ಲಿನ ಬಂಡೆ ಆಸರೆಗಳಲ್ಲಿ 46,000 ವರ್ಷಗಳಷ್ಟು ಹಿಂದೆಯೇ ಮನುಷ್ಯರು ವಾಸವಿದ್ದ ಗುರುತಿತ್ತು. 4,000 ವರ್ಷ ಹಳೆಯ, ಮನುಷ್ಯರ ಕೂದಲಿನಿಂದ ಹೆಣೆದ ಪಟ್ಟಿಯ ತುಂಡೊಂದು ಸಿಕ್ಕಿ, ಅದರ ಡಿಎನ್‌ಎ ಈಗ ಅಲ್ಲಿರುವ ಮೂಲನಿವಾಸಿಗಳ ಜೊತೆ ತಾಳೆಯಾಗಿತ್ತು. 2020ರ ಮೇ 24ರಂದು ರಿಯೋ ಟಿಂಟೋ ಕಂಪನಿ ಕಬ್ಬಿಣದ ಅದಿರಿಗಾಗಿ ಆ ಬಂಡೆ ಆಸರೆಗಳನ್ನು ಸಿಡಿಸಿತು. ಕಾನೂನಿನ ಪ್ರಕಾರ ತಪ್ಪೇನೂ ಆಗಿರಲಿಲ್ಲ, 2013ರಲ್ಲೇ ಅನುಮತಿ ಸಿಕ್ಕಿತ್ತು. ಕೊನೆಗೆ ಮುಖ್ಯಾಧಿಕಾರಿ ಸೇರಿ ಮೂವರು ಹಿರಿಯರು ಹುದ್ದೆ ಬಿಡಬೇಕಾಯಿತು. ಮೂವರ ಜಾಗಕ್ಕೆ ಬೇರೆಯವರು ಬಂದರು. ಸಿಡಿದ ಬಂಡೆಯ ಜಾಗಕ್ಕೆ ಏನು ಬಂದೀತು?

ಹೊರಗಿನವರು ತಲೆ ಕೆಡಿಸಿದರು ಎನ್ನುತ್ತೀರಿ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ಪಂಗುನಾ ತಾಮ್ರದ ಗಣಿಯವರ ಎದುರಿಗೆ ಎಚ್ಚರಿಕೆಯೇ ಬಂದು ನಿಂತಿತ್ತು. ಅಲ್ಲಿ ಬಹುಪಾಲು ಕಡೆ ನೆಲದ ಹಕ್ಕು ತಾಯಿಯಿಂದ ಮಗಳಿಗೆ ಬರುತ್ತದೆ. ಮಾತುಕತೆಗೆ ಕರೆಸಿಕೊಂಡದ್ದು ಮಾತ್ರ ಗಂಡಸರನ್ನು. 1969ರಲ್ಲೇ ರೊರೊವಾನಾದ ಹೆಂಗಸರು ಬುಲ್ಡೋಜರುಗಳ ಮುಂದೆ ಬಂದು ನಿಂತಿದ್ದರು. ಅವರನ್ನು ಎಳೆದುಹಾಕಿ ಕೆಲಸ ಮುಂದುವರಿಯಿತು, 1972ರಲ್ಲಿ ಉತ್ಪಾದನೆಯೂ ಶುರುವಾಯಿತು. ಲಾಭದಲ್ಲಿ ನೆಲದವರಿಗೆ ಸಿಕ್ಕಿದ್ದು ಚೂರುಪಾರು, ನದಿ ತುಂಬ ಗಣಿಯ ಕೆಸರು. 1989ರಲ್ಲಿ ಗಣಿ ಮುಚ್ಚಿತು. ಆ ಸಿಟ್ಟು ಹತ್ತು ವರ್ಷದ ಅಂತರ್ಯುದ್ಧವಾಗಿ ಸಾವಿರಾರು ಜನ ಸತ್ತರು. ಆ ಹೆಂಗಸರ ತಲೆಯನ್ನು ಯಾರೂ ಹೊರಗಿನಿಂದ ಬಂದು ಕೆಡಿಸಿರಲಿಲ್ಲ. ನೆಲ ಯಾರದ್ದು ಎಂದು ಅವರಿಗೆ ಗೊತ್ತಿತ್ತು, ಕಂಪನಿಗೆ ಗೊತ್ತಿರಲಿಲ್ಲ.

ಇನ್ನು ಕೊಟ್ಟ ಮಾತಿನ ವಿಷಯ. ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ, ಸ್ವಲ್ಪ ಹೆಚ್ಚು ಹೇಳಿದರೆ ಬೇಸರಿಸಬೇಡಿ. ದಕ್ಷಿಣ ಆಫ್ರಿಕಾದ ಮರಿಕಾನಾದಲ್ಲಿ 2012ರ ಆಗಸ್ಟ್ 16ರಂದು ಪೊಲೀಸರು ಗುಂಡು ಹಾರಿಸಿ 34 ಮುಷ್ಕರನಿರತ ಗಣಿ ಕಾರ್ಮಿಕರನ್ನು ಕೊಂದರು. ಆಮೇಲೆ ನಡೆದ ತನಿಖೆಯಲ್ಲಿ ಹೊರಬಿದ್ದ ಒಂದು ಲೆಕ್ಕ ನನ್ನನ್ನು ಬಿಡದೆ ಕಾಡುತ್ತದೆ. ಆ ಗಣಿಯ ಲಾನ್ಮಿನ್ ಕಂಪನಿ ಕಾರ್ಮಿಕರಿಗೆ 5,500 ಮನೆ ಕಟ್ಟಿಕೊಡುತ್ತೇನೆಂದು ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಕಟ್ಟಿದ್ದು ಮೂರು ಮಾದರಿ ಮನೆ. ಮುಷ್ಕರ ನಡೆದದ್ದು ಸಂಬಳಕ್ಕಾಗಿ, ನಿಜ. ಆದರೆ ತಗಡಿನ ಗುಡಿಸಲಲ್ಲಿ ಮಲಗಿ ಆ ಮೂರು ಮನೆಗಳನ್ನು ದಿನಾ ನೋಡುವವನಿಗೆ, "ಮಾತುಕತೆಗೆ ಬನ್ನಿ, ನಮ್ಮನ್ನು ನಂಬಿ" ಎಂದು ಯಾವ ಬಾಯಲ್ಲಿ ಹೇಳುತ್ತೀರಿ? ನಿಮ್ಮ ಕಚೇರಿಯಲ್ಲೂ ಒಂದು ಕಡತ ಇರಬೇಕು. ಎಷ್ಟು ಜನಕ್ಕೆ ಕೆಲಸ ಎಂದಿರಿ, ಸ್ಫೋಟದ ಹೊತ್ತು ಯಾವುದು ಎಂದಿರಿ, ದೂಳು ಏಳದಂತೆ ರಸ್ತೆಗೆ ದಿನಕ್ಕೆ ಎಷ್ಟು ಸಲ ನೀರು ಹಾಕುತ್ತೇವೆ ಎಂದಿರಿ. ಆ ಕಡತ ನಿಮ್ಮ ಬೀರುವಿನಲ್ಲಿರಬಹುದು, ಊರಿನವರಿಗೆ ಅದು ಬಾಯಿಪಾಠವಾಗಿದೆ. ಗೋಡೆ ಬಿರುಕು ಬಿಟ್ಟ ಮನೆಯವರು ಆ ಸ್ಫೋಟದ ದಿನ, ವಾರ, ಗಳಿಗೆ ಸಮೇತ ಹೇಳುತ್ತಾರೆ.

ಒಳ್ಳೆಯ ದಾರಿಗಳೇ ಇಲ್ಲವೆಂದಲ್ಲ. ಅಲಾಸ್ಕಾದ ರೆಡ್ ಡಾಗ್ ಸತುವಿನ ಗಣಿ ಇರುವುದು ಅಲ್ಲಿನ ಮೂಲನಿವಾಸಿ ಇನುಪಿಯಾಟ್ ಜನರ 'ನಾನಾ' ಸಂಸ್ಥೆಯ ನೆಲದಲ್ಲಿ. ಕಂಪನಿ 1982ರಲ್ಲೇ ಅವರೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ 1989ರಲ್ಲಿ ಅದಿರು ತೆಗೆಯತೊಡಗಿತು. 2007ರಿಂದ ನಿವ್ವಳ ಆದಾಯದಲ್ಲಿ ಶೇ. 25ರಷ್ಟು ನೆಲದವರಿಗೆ, ಆಮೇಲೆ ಐದೈದು ವರ್ಷಕ್ಕೆ ಶೇ. 5ರಂತೆ ಏರುತ್ತ ಅರ್ಧಕ್ಕೆ ಮುಟ್ಟುವ ಏರ್ಪಾಡು. ಹಣಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು: ಹತ್ತಿರದ ಹಳ್ಳಿಗಳ ಹಿರಿಯರ ಸಮಿತಿಯೊಂದಿದೆ, ಕ್ಯಾರಿಬೂ ಜಿಂಕೆಗಳ ಹಿಂಡು ವಲಸೆ ಬಂದು ರಸ್ತೆಯನ್ನು ಸಮೀಪಿಸಿದರೆ ಅದಿರಿನ ಲಾರಿಗಳು ನಿಲ್ಲುತ್ತವೆ. ಅಲ್ಲೂ ತಕರಾರು ಇಲ್ಲದಿಲ್ಲ, ಹೊಳೆಯ ಕೆಳಗಿನ ಕಿವಲೀನಾ ಊರಿನವರು ನೀರಿನ ವಿಷಯಕ್ಕೆ ಕೋರ್ಟಿಗೂ ಹೋದರು. ಕೆನಡಾದ ಡಯಾವಿಕ್ ವಜ್ರದ ಗಣಿಯಲ್ಲಿ ಪ್ರಯೋಗಾಲಯದ ಪರೀಕ್ಷೆಯ ಜೊತೆಗೆ ಮೂಲನಿವಾಸಿ ಹಿರಿಯರ ಪರೀಕ್ಷೆಯೂ ನಡೆಯುತ್ತಿತ್ತು. ಪಕ್ಕದ ಸರೋವರದಲ್ಲಿ ಅವರೇ ಮೀನು ಹಿಡಿದು, ಕೊಯ್ದು ನೋಡಿ, ಬೇಯಿಸಿ ತಿಂದು, ಮೀನು ಹೇಗಿದೆ ಎಂದು ಹೇಳುತ್ತಿದ್ದರು. ಬಿಲ್ಲೆ ಅಂಟಿಸಿದ ಸೀಸೆಯ ನೀರಿನ ವರದಿಗಿಂತ ತಮ್ಮ ಅಜ್ಜಿ ತಿಂದು ಹೇಳಿದ ಮಾತನ್ನು ಊರು ನಂಬುತ್ತದೆ. ಅದು ಅಜ್ಞಾನವಲ್ಲ. ಅಜ್ಜಿಗೆ ಆ ಸರೋವರದ ಮೀನಿನ ರುಚಿ ಗಣಿ ಬರುವುದಕ್ಕೆ ಮೊದಲಿನಿಂದಲೂ ಗೊತ್ತು.

ವರದಿಗಳನ್ನು ಊರು ಯಾಕೆ ನಂಬಬೇಕು ಹೇಳಿ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಗಣಿಯ ಕೆಸರು ತಡೆಯುವ ಅಣೆಕಟ್ಟು ಭದ್ರವಾಗಿದೆ ಎಂಬ ಪ್ರಮಾಣಪತ್ರ ಕಡತದಲ್ಲಿತ್ತು. 2019ರ ಜನವರಿ 25ರ ಮಧ್ಯಾಹ್ನ ಅದು ಒಡೆದು 270 ಜನ ಸತ್ತರು. ಕಾರ್ಮಿಕರ ಊಟದ ಮನೆ ಅಣೆಕಟ್ಟಿನ ಕೆಳಗೇ ಇತ್ತು. ಎಚ್ಚರಿಕೆಯ ಸೈರನ್ ಕೂಗಲೇ ಇಲ್ಲ. ನಾಲ್ಕು ವರ್ಷವೂ ಆಗಿರಲಿಲ್ಲ, ಅದೇ ವಾಲೆ ಕಂಪನಿ ಪಾಲುದಾರನಾಗಿದ್ದ ಮರಿಯಾನಾದ ಅಣೆಕಟ್ಟು ಒಡೆದು 19 ಜನ ಹೋಗಿದ್ದರು.

ಹೀಗಾಗಿ ನನ್ನ ಉತ್ತರ ನಿಮಗೆ ಕಹಿಯಾಗಬಹುದು. ಊರಿಗೆ "ಬೇಡ" ಎನ್ನುವ ಹಕ್ಕು ನಿಜವಾಗಿ ಇದ್ದಾಗ ಮಾತ್ರ ಅದರ "ಆಗಲಿ"ಗೆ ಬೆಲೆ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಡೋಂಗ್ರಿಯಾ ಕೊಂಧ್ ಜನರ ಬೆಟ್ಟದ ತಪ್ಪಲಿನ ಹನ್ನೆರಡು ಊರುಗಳಲ್ಲಿ ಸಭೆ ನಡೆದು ಹನ್ನೆರಡೂ ಬೇಡ ಎಂದವು. ಅಭಿವೃದ್ಧಿಗೆ ಅಡ್ಡಿ ಎಂದು ಆಗ ಬರೆದವರು ಬಹಳ. ಮಾಲೀಕನನ್ನು ಕೇಳದೆ ಮನೆಯೊಳಗೆ ಕಾಲಿಡಬಾರದು ಎಂಬಷ್ಟು ಸರಳ ಮಾತು ಅದು ಎಂದು ನನಗೆ ಕಂಡಿತ್ತು, ಈಗಲೂ ಹಾಗೆಯೇ ಕಾಣುತ್ತದೆ. ಹಣದ ಲೆಕ್ಕವನ್ನೇ ಕೇಳುವ ನಿಮ್ಮ ಮೇಲಧಿಕಾರಿಗಳಿಗೆ 2014ರ ಒಂದು ಅಧ್ಯಯನ ತೋರಿಸಿ: 300ರಿಂದ 500 ಕೋಟಿ ಡಾಲರ್ ಬಂಡವಾಳದ ದೊಡ್ಡ ಗಣಿ ಯೋಜನೆ ಊರಿನ ಜೊತೆಗಿನ ಜಗಳದಿಂದ ತಡವಾದರೆ ವಾರಕ್ಕೆ ಸುಮಾರು 2 ಕೋಟಿ ಡಾಲರ್ ನಷ್ಟ.

ಪತ್ರಿಕೆಗಳ ಮೇಲಿನ ನಿಮ್ಮ ದೂರಿನಲ್ಲಿ ಅರ್ಧ ನಿಜವಿದೆ, ನೀವು ಹೇಳಿದ ಅರ್ಥದಲ್ಲಲ್ಲ. ನಾವು ಊರಿನ ಪರ ಬರೆಯುವುದು ತೀರಾ ತಡವಾಗಿ, ಲಾಠಿ ಬೀಸಿದ ಮೇಲೆ, ಅಣೆಕಟ್ಟು ಒಡೆದ ಮೇಲೆ. ಗಣಿ ಮುಚ್ಚಿ ಕಂಪನಿ ಹೊರಟುಹೋದ ಊರಿಗಂತೂ ಹೋಗುವುದೇ ಇಲ್ಲ. ಕೆನಡಾದ ಯೆಲ್ಲೋನೈಫ್ ಪಕ್ಕದ ಜೈಂಟ್ ಚಿನ್ನದ ಗಣಿ 2004ರಲ್ಲಿ ನಿಂತಿತು. ಅದು ಬಿಟ್ಟುಹೋದ 2,37,000 ಟನ್ ಆರ್ಸೆನಿಕ್ ದೂಳು ನೆಲದಡಿ ಇದೆ. ಅದನ್ನು ಅಲ್ಲೇ ಹೆಪ್ಪುಗಟ್ಟಿಸಿಡುವ ಖರ್ಚು ಸರ್ಕಾರದ ತಲೆಗೆ, ಕಾಯುವ ಪಾಡು ಅಲ್ಲಿನ ಮೂಲನಿವಾಸಿ ಡೆನೆ ಜನರ ಮೊಮ್ಮಕ್ಕಳಿಗೆ. ನಿಮ್ಮ ಗಣಿ ಮುಚ್ಚುವ ದಿನದ ಯೋಜನೆ, ಅದಕ್ಕಾಗಿ ತೆಗೆದಿಟ್ಟ ಹಣ ಎಷ್ಟೆಂಬುದು ಊರಿಗೆ ಗೊತ್ತಿದೆಯೇ? ವಿಸ್ತರಣೆಯ ಮಾತಿಗೆ ಮೊದಲು ಅದನ್ನು ಹೇಳಿದ್ದಿರಾ?

ಒಂದು ಕೆಲಸ ಮಾಡಿ. ಕೊಟ್ಟ ಮಾತುಗಳ ಆ ಕಡತವನ್ನು ಊರಿನವರ ಭಾಷೆಯಲ್ಲಿ ಬರೆಸಿ. ಈಡೇರಿದ್ದು, ಈಡೇರದ್ದು ಎರಡನ್ನೂ ಗೋಡೆಗೆ ಅಂಟಿಸಿ. ನೀರು, ದೂಳು ಅಳೆಯುವವರನ್ನು ಊರೇ ಆರಿಸಲಿ, ಸಂಬಳ ನೀವು ಕೊಡಿ, ವರದಿ ಮೊದಲು ಊರಿನ ಕೈ ಸೇರಲಿ. ಆಮೇಲೆ ನಡೆಯುವ ಸಭೆಯಲ್ಲಿ ಯಾರು ಏನು ಕೇಳಿದರು ಎಂಬುದನ್ನು ನಮಗೆ ಬರೆಯಿರಿ. ಊರಿನವರಿಗೂ ಈ ಸಂಚಿಕೆ ತಲುಪಿಸಿ. ಅವರು ಬರೆದರೆ ಎರಡೂ ಪತ್ರಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕುತ್ತೇನೆ, ಒಂದು ಸಾಲನ್ನೂ ಕತ್ತರಿಸದೆ.